ನೆಂಟರು ಬಂದರೆ ಮಲಗುವ ಅತ್ತೆ

ಕಾಲಿಂಗ್ ಬೆಲ್ ಬಾರಿಸಿದರೆ ಸಾಕು, ನಮ್ಮ ಅತ್ತೆಗೆ ಕಾಯಿಲೆ ಜಾಸ್ತಿಯಾಗುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಕೆಲವು ತಿಂಗಳ ಹಿಂದಿನ ಒಂದು ಭಾನುವಾರ. ಪಡೀಲಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಟೇಬಲ್ ಎದುರು ಕುಳಿತು ಅತ್ತೆ ಅಲಸಂಡೆ ಮುರಿಯುತ್ತಿದ್ದರು. ಸ್ಟ್ರೋಕ್ ಆದ ಎಡಗೈಯ ಅಂಗೈಯಿಂದ ಅಲಸಂಡೆಯನ್ನು ಟೇಬಲ್‌ಗೆ ಒತ್ತಿ ಹಿಡಿಯುವುದು, ಬಲಗೈಯಿಂದ ಪಟಕ್ಕೆಂದು ಮುರಿಯುವುದು. ನಡುನಡುವೆ ನನ್ನ ಅಡುಗೆಗೆ ಟೀಕೆ. (“ನಿನ್ನ ಸಾಂಬಾರಿನಲ್ಲಿ ಕೊತ್ತಂಬರಿ ಹೆಸರಿಗೆ ಮಾತ್ರ ಉಂಟು.”) ಅಷ್ಟರಲ್ಲಿ ಬೆಲ್ ಆಯಿತು.

ಬಂದವರು ಕಮಲಕ್ಕ. ನಮ್ಮ ಬೀದಿಯವರು, ಅತ್ತೆಗೆ ದೂರದ ಸಂಬಂಧ. ಕೈಯಲ್ಲಿ ಸೇಬಿನ ಚೀಲ. ಅವರು ಗೇಟಿನಲ್ಲಿ ಸೆಖೆಯನ್ನು ಬೈದು, ಮೆಟ್ಟಿಲಲ್ಲಿ ಚಪ್ಪಲಿ ಬಿಚ್ಚಿ, ನಮ್ಮ ಕ್ರೋಟನ್ ಗಿಡವನ್ನು ಹೊಗಳಿ ಒಳಗೆ ಬರುವಷ್ಟರಲ್ಲಿ ಟೇಬಲ್ ಎದುರಿನ ಕುರ್ಚಿ ಖಾಲಿ. ಅಲಸಂಡೆ ಉಂಟು, ಅತ್ತೆ ಇಲ್ಲ. ಪಕ್ಕದ ಕೋಣೆಯ ಮಂಚದ ಮೇಲೆ ಕುತ್ತಿಗೆಯವರೆಗೆ ಹೊದಿಕೆ ಎಳೆದುಕೊಂಡು ಮಲಗಿದ್ದಾರೆ. ಕಣ್ಣು ಅರ್ಧ ಮುಚ್ಚಿದೆ. ಸ್ವರ ಬಾವಿಯ ಒಳಗಿಂದ ಬರುತ್ತಿದೆ.

“ಎಂತ ಅವಸ್ಥೆ ಆಯ್ತು ಗಿರಿಜಕ್ಕ ನಿಮ್ಮದು!”

“ಎಂತ ಮಾಡುವುದು ಕಮಲಾ... ಹೀಗೇ ಉಂಟು...”

“ಪ್ರಮೀಳ ನೋಡಿಕೊಳ್ತಾಳಾ?”

“ಎಲ್ಲ ಅವಳೇ. ಬಾಯಿಗೆ ಕೊಡುವುದೂ ಅವಳೇ.”

ಬಾಯಿಗೆ ಕೊಡುವುದಾ? ಆ ಬೆಳಿಗ್ಗೆ ತನ್ನ ಕೈಯಾರೆ ನೀರುದೋಸೆ ತಿಂದು “ಇನ್ನೊಂದು ಹಾಕು, ಇದೆಂತ ಕಾಗದದ ಹಾಗೆ ಮಾಡಿದ್ದಿ” ಎಂದವರು ಇವರೇ!

ಕಮಲಕ್ಕ ಮಂಚದ ಕಾಲ ಬದಿಯಲ್ಲಿ ನಿಂತು ನಿಟ್ಟುಸಿರು ಬಿಟ್ಟರು, ನನ್ನ ಬೆನ್ನು ತಟ್ಟಿದರು, ಚಹಾ ಕುಡಿದು ಹೋದರು. ಗೇಟಿನ ಸದ್ದು ಕೇಳಿದ ಮೇಲೆ ಹೊದಿಕೆಯೊಳಗಿಂದ ಮಾಮೂಲಿ ಸ್ವರ ಬಂತು.

“ಹೋದಳಾ? ಸೇಬು ಎಂತದು, ಕೆಂಪು ಉಂಟಾ?”

ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ವಲ್ಪ ಸಮಯದಲ್ಲೇ ಆ ನಗು ನಿಂತುಹೋಯಿತು.

ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಒಂದು ಮಾತು. ನಾನು ನರ್ಸ್. ಬಿ.ಎಸ್ಸಿ. ನರ್ಸಿಂಗ್. ನಮ್ಮ ಕುಟುಂಬದಲ್ಲಿ ಡಿಗ್ರಿ ಪಡೆದ ಮೊದಲ ಜನ. ಹೇಳಿಕೊಳ್ಳಲು ಸಂಕೋಚ ಇಲ್ಲ, ಸ್ವಲ್ಪ ಜಂಬವೇ ಉಂಟು. ಹುಟ್ಟಿದ್ದು ನದಿಯಾಚೆಯ ಬೆಂಗ್ರೆಯಲ್ಲಿ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಉರ್ವ ಮಾರ್ಕೆಟ್‌ನಲ್ಲಿ ಮೀನು ಮಾರುತ್ತಿದ್ದರು. ಬಿಳಿ ಯೂನಿಫಾರ್ಮಿಗೆ ಉಪ್ಪುನೀರು ಸಿಡಿಯಬಾರದೆಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟು, ಫೆರಿಯಲ್ಲಿ ನದಿ ದಾಟಿ, ಕಾಲೇಜಿನ ಬಾತ್‌ರೂಮಿನಲ್ಲಿ ಬಟ್ಟೆ ಬದಲಾಯಿಸಿ ಕ್ಲಾಸಿಗೆ ಹೋದವಳು ನಾನು. “ಮೀನಿನವಳ ಮಗಳಿಗೆ ಇಂಗ್ಲಿಷ್‌ನಲ್ಲಿ ಅನಾಟಮಿ ತಲೆಗೆ ಹೋಗ್ತದಾ?” ಎಂದು ಕೇಳಿದವರಿದ್ದರು. ಹೋಯಿತು. ಚೆನ್ನಾಗಿಯೇ ಹೋಯಿತು.

ಆ ಓದಿನಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಯಾವುದು ಗೊತ್ತುಂಟಾ? ಇಂಜೆಕ್ಷನ್ ಕೊಡುವುದಾ? ಅಲ್ಲ. ರಕ್ತ ನೋಡುವುದಾ? ಅದೂ ಅಲ್ಲ. ಸುಮ್ಮನೆ ಕೈ ಕಟ್ಟಿ ನಿಲ್ಲುವುದು.

ಕೈಯಲ್ಲಿ ಬಲ ಕಡಿಮೆಯಾದ ಒಬ್ಬರು ಬ್ಲೌಸಿನ ಹುಕ್ಕು ಹಾಕಲು ಒದ್ದಾಡುತ್ತಿರುತ್ತಾರೆ. ನಮಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮಾಡಿಬಿಟ್ಟರೆ ಅವರು ಥ್ಯಾಂಕ್ಸ್ ಹೇಳುತ್ತಾರೆ, ಮನೆಯವರು ಹೊಗಳುತ್ತಾರೆ, ನಮ್ಮ ರೌಂಡ್ಸ್ ಬೇಗ ಮುಗಿಯುತ್ತದೆ. ಆದರೆ ಆ ಬೆರಳುಗಳಿಗೆ ಆ ದಿನ ಕೆಲಸ ಸಿಗಲಿಲ್ಲ. ನಾಳೆಯೂ ಸಿಗದಿದ್ದರೆ? ಕೆಲಸವಿಲ್ಲದ ಬೆರಳು ಕೆಲಸ ಮರೆಯುತ್ತದೆ. ಹಾಗಾಗಿ ನಿಲ್ಲಬೇಕು. ಬಲವಿಲ್ಲದ ಕೈಯನ್ನು ಮೊದಲು ಬ್ಲೌಸಿನ ತೋಳಿಗೆ ಹಾಕಿಕೊಳ್ಳಿ ಎಂದು ಹೇಳಿಕೊಡಬೇಕು. ಕೊನೆಯ ಒಂದು ಹುಕ್ಕಿಗೆ ಆಗುವುದೇ ಇಲ್ಲ ಎಂದಾಗ ಆ ಒಂದನ್ನು ಮಾತ್ರ ಹಾಕಬೇಕು.

ಕಾಯಿಲೆಯವರನ್ನು ಕರೆತಂದ ಮನೆಯವರು ಏನೇನು ಹೋಯಿತು ಎಂದು ಹೇಳುತ್ತಾರೆ. ಕೈ ಹೋಯಿತು, ಕಾಲು ಹೋಯಿತು, ಎಲ್ಲ ಹೋಯಿತು. ಏನು ಉಳಿದಿದೆ ಎಂದು ಹುಡುಕುವುದು ನಮ್ಮ ಕಸುಬು.

ಅತ್ತೆಯಲ್ಲಿ ಬಹಳಷ್ಟು ಉಳಿದಿತ್ತು. ಎಡಭಾಗ ಸೋತಿತ್ತು ನಿಜ. ಬಲಗೈ ಗಟ್ಟಿ, ಮಾತು ಗಟ್ಟಿ, ಹಠ ಇನ್ನೂ ಗಟ್ಟಿ. ಆಸ್ಪತ್ರೆಯಿಂದ ಬಂದ ಬೆಳಿಗ್ಗೆಯೇ ಬ್ರಶ್ ಅವರ ಕೈಗೆ ಕೊಟ್ಟೆ. ತಲೆ ಬಾಚಿಕೊಂಡರು, ಬೈತಲೆ ರಸ್ತೆಯ ತಿರುವಿನಂತೆ ಬಂತು, ಹಾಗೇ ಬಿಟ್ಟೆ. ನೆಲಕ್ಕೆ ಎರಡೂ ಪಾದ ಸರಿಯಾಗಿ ಮುಟ್ಟುವ ಎತ್ತರದ ಹಳೆಯ ಮರದ ಮಂಚ ನಮ್ಮ ಮನೆಯಲ್ಲಿತ್ತು. ಅದರ ಅಂಚಿನಲ್ಲಿ ಕುಳಿತು, ಪಾದ ಊರಿ, ಮುಂದಕ್ಕೆ ಬಾಗಿ, ಬಲಗೈಯಿಂದ ಮಂಚವನ್ನು ಒತ್ತಿ ಏಳುವುದು ಕಲಿತರು. ಆಮೇಲೆ ಗೋಡೆ ಹಿಡಿದು ನಡೆಯುವುದು.

ಮೊದಲ ದಿನವೇ ಅವರು ಒಂದು ಶರತ್ತು ಹಾಕಿದ್ದರು. (ಮಾತು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.)

“ಪ್ರಮೀಳಾ, ಬಾತ್‌ರೂಮಿಗೆ ನಾನೇ ಹೋಗ್ಬೇಕು. ಬಾಗಿಲು ನಾನೇ ಹಾಕ್ಬೇಕು. ಉಳಿದದ್ದೆಲ್ಲ ನೀನು ಹೇಳಿದ ಹಾಗೆ.”

ಇದು ದೊಡ್ಡ ಆಸೆಯಾ? ಅಲ್ಲ. ಆದರೆ ಒಬ್ಬ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನು ಉಳಿಯುತ್ತದೆ ಎಂದು ವಾರ್ಡಿನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಸ್ವಲ್ಪ ದಿನಗಳಲ್ಲಿ ಅವರು ಅದನ್ನು ಸಾಧಿಸಿದರು. ನಾನು ಹೊರಗೆ ನಿಂತು ನೀರಿನ ಸದ್ದು ಕೇಳಿದೆ. ಚಿಲಕ ಮಾತ್ರ ಹಾಕಬೇಡಿ ಎಂದಿದ್ದೆ, ಅದಕ್ಕೆ ಒಪ್ಪಿದ್ದರು.

ಅಷ್ಟರಲ್ಲಿ ದುಬೈನಿಂದ ಶಶಿ ಬಂದಳು.

ಶಶಿಕಲಾ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು. ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಮ್ಮನಿಗೆ ಸ್ಟ್ರೋಕ್ ಆದಾಗ ರಜೆ ಸಿಗದೆ, ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ನೋಡುತ್ತಾ ಅತ್ತವಳು. ಕಡೆಗೂ ರಜೆ ಸಿಕ್ಕಿ, ಏರ್‌ಪೋರ್ಟಿನಿಂದ ಓಡೋಡಿ ಬಂದು ಚಾವಡಿಗೆ, ಅಂದರೆ ಮನೆಯ ಹಾಲ್‌ಗೆ, ಕಾಲಿಟ್ಟಾಗ ಅವಳಿಗೆ ಮೊದಲು ಕಂಡದ್ದೇನು? ಒಳಗೆ ಅಡುಗೆಕೋಣೆಯ ಸಿಂಕ್ ಅಂಚಿಗೆ ಸೊಂಟ ಒರಗಿಸಿ ನಿಂತು, ಒಂದೇ ಕೈಯಲ್ಲಿ ತನ್ನ ಚಹಾದ ಲೋಟ ತೊಳೆಯುತ್ತಿರುವ ಅಮ್ಮ. ಪಕ್ಕದಲ್ಲಿ ಕೈ ಕಟ್ಟಿ ನಿಂತಿರುವ ಸೊಸೆ.

ಆ ದೃಶ್ಯವನ್ನು ಫೋಟೋ ತೆಗೆದರೆ ನೀವು ಯಾರ ಪಕ್ಷ? ಅವಳ ಪಕ್ಷವೇ. ಫೋಟೋದಲ್ಲಿ ನಾನು ಕೆಟ್ಟದಾಗಿಯೇ ಕಾಣುತ್ತೇನೆ.

“ಅತ್ತಿಗೆ, ಆಸ್ಪತ್ರೆಯಲ್ಲಿ ಊರವರಿಗೆಲ್ಲ ಮಾಡ್ತೀರಿ. ಮನೆಯಲ್ಲಿ ನನ್ನ ಅಮ್ಮನೇ ಲೋಟ ತೊಳೀಬೇಕಾ?”

ವಿವರಿಸಿದೆ. ಅವಳು ಕೇಳಿಸಿಕೊಂಡಳು, ಆದರೆ ಒಪ್ಪಲಿಲ್ಲ. “ಅದೆಲ್ಲ ಪುಸ್ತಕದಲ್ಲಿ ಸರಿ ಅತ್ತಿಗೆ. ಅಮ್ಮ ಇಷ್ಟು ವರ್ಷ ದುಡಿದದ್ದು ಸಾಲದಾ? ಈಗಾದ್ರೂ ಮಲಗಲಿ.”

ಎರಡೇ ದಿನ. ಟೆಂಪೋದಲ್ಲಿ ಆಸ್ಪತ್ರೆಯ ಮಂಚ ಬಂತು. ಕಬ್ಬಿಣದ್ದು, ಹ್ಯಾಂಡಲ್ ತಿರುಗಿಸಿದರೆ ತಲೆಯ ಭಾಗ ಏಳುತ್ತದೆ, ಎರಡೂ ಬದಿಗೆ ಕಂಬಿ. ಒಳ್ಳೆಯ ಮಂಚ. ನಮ್ಮ ವಾರ್ಡಿನಲ್ಲಿಯೂ ಅಂಥದ್ದೇ ಉಂಟು. ಅದರ ಎತ್ತರ ನಿಂತು ಕೆಲಸ ಮಾಡುವ ನರ್ಸಿನ ಸೊಂಟಕ್ಕೆ ಅನುಕೂಲ. ಮಲಗಿದವರಿಗೆ? ಅತ್ತೆ ಅಂಚಿನಲ್ಲಿ ಕುಳಿತರೆ ಪಾದ ನೆಲಕ್ಕೆ ಸಿಗುತ್ತಿರಲಿಲ್ಲ, ಮಕ್ಕಳ ಕಾಲಿನ ಹಾಗೆ ಗಾಳಿಯಲ್ಲಿ ತೂಗುತ್ತಿತ್ತು. ಪಾದ ಊರದೆ ಎದ್ದು ನಿಲ್ಲುವ ವಿದ್ಯೆ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ನಮ್ಮವರು, ಅಂದರೆ ಹರೀಶ, ಹಳೆಯ ಮಂಚವನ್ನು ಬಿಚ್ಚಿ ಹಿಂದಿನ ಶೆಡ್ಡಿಗೆ ಹಾಕಿದರು. ನಾನು ಬೇಡ ಎಂದಾಗ ನನ್ನ ಕಡೆ ತಲೆ ಆಡಿಸಿದರು, ಶಶಿ ಬೇಕು ಎಂದಾಗ ಅವಳ ಕಡೆ ಆಡಿಸಿದರು. ಮನೆಯಲ್ಲಿ ಇಂಥ ತಿರುಗುವ ಟೇಬಲ್ ಫ್ಯಾನ್ ಒಂದಿದ್ದರೆ ಎಲ್ಲರಿಗೂ ಗಾಳಿ ಬರುತ್ತದೆ, ಆದರೆ ಯಾರಿಗೂ ಪೂರ್ತಿ ಸೆಖೆ ಹೋಗುವುದಿಲ್ಲ.

ಶಶಿ ಬಂದಿದ್ದಾಳೆಂದು ನೆಂಟರ ಸಾಲು ಶುರುವಾಯಿತು. ಬೆಲ್ ಮೇಲೆ ಬೆಲ್. ಬಂದವರೆಲ್ಲ ಹೊಸ ಮಂಚ ನೋಡಿ ಮೆಚ್ಚಿದರು. ಹ್ಯಾಂಡಲ್ ತಿರುಗಿಸಿ ನೋಡಿದರು. (ಒಬ್ಬರು ಅತ್ತೆಯನ್ನು ಅರ್ಧ ಏಳಿಸಿ ಇಳಿಸುವುದನ್ನು ಮರೆತು ಊಟಕ್ಕೆ ಹೋದರು.) ಶಶಿ ಅಮ್ಮನಿಗೆ ಚಮಚದಲ್ಲಿ ಗಂಜಿ ಕೊಟ್ಟಳು, ಮುಖ ಒರೆಸಿದಳು, ಮಲಗಿದಲ್ಲಿಗೇ ಬೆಡ್‌ಪ್ಯಾನ್ ಕೊಟ್ಟಳು. ಎಲ್ಲ ಪ್ರೀತಿಯಿಂದಲೇ. ಅತ್ತೆ ಬೇಡ ಎನ್ನಲಿಲ್ಲ. ನನಗೆ ಆಶ್ಚರ್ಯವಾದದ್ದು ಅದೇ. ಬಾಗಿಲು ನಾನೇ ಹಾಕಬೇಕು ಎಂದ ಹೆಂಗಸು ಈಗ ಸೀಲಿಂಗ್ ನೋಡುತ್ತಾ ಮಲಗಿದ್ದರು.

ಕೆಲಸ ಮುಗಿಸಿ ಬಂದು ನೋಡುತ್ತಿದ್ದೆ. ಎಡ ಮೊಣಕಾಲು ಬಿಗಿಯಾಗುತ್ತಿತ್ತು. ಅಲಸಂಡೆಯನ್ನು ಒತ್ತಿ ಹಿಡಿಯುತ್ತಿದ್ದ ಅಂಗೈ ಮೆಲ್ಲ ಮುಚ್ಚಿಕೊಳ್ಳುತ್ತಿತ್ತು. ಮಾತು ಸಹ ಕಡಿಮೆ. ನನ್ನ ಸಾಂಬಾರಿಗೆ ಟೀಕೆ ಇಲ್ಲ. ಅದು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು.

ಶಶಿ ವಾಪಸ್ ಹೊರಡುವ ದಿನ ಹತ್ತಿರ ಬಂತು. ಅವಳು ಒಂದು ಏಜೆನ್ಸಿಗೆ ಫೋನ್ ಮಾಡಿ ಹೋಂ ನರ್ಸ್ ಗೊತ್ತುಮಾಡಿದಳು. (ನಮ್ಮ ಊರಿನಲ್ಲಿ ಹೋಂ ನರ್ಸ್ ಎಂದರೆ ಮನೆಯಲ್ಲೇ ಇದ್ದು ಕಾಯಿಲೆಯವರನ್ನು ನೋಡಿಕೊಳ್ಳುವವರು. ಅವರಲ್ಲಿ ಬಹಳ ಒಳ್ಳೆಯ ಕೆಲಸಗಾರರಿದ್ದಾರೆ.) ಜನ ಬೇಕಾಗಿತ್ತು, ನಾನು ಡ್ಯೂಟಿಗೆ ಹೋಗುವವಳು, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಶಶಿ ಫೋನಿನಲ್ಲಿ ಕೊಟ್ಟ ಸೂಚನೆಗೆ: “ಅಮ್ಮನನ್ನು ಮಂಚದಿಂದ ಇಳಿಸುವ ಅಗತ್ಯವೇ ಇಲ್ಲ. ಎಲ್ಲ ಮಲಗಿದಲ್ಲೇ ಆಗ್ಬೇಕು. ಡೈಪರ್ ತಂದಿಡ್ತೇವೆ.”

ಆ ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಡೈಪರ್ ತರಲು ಮೆಡಿಕಲ್‌ಗೆ ಹೋದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅವರ ಕಾಲಿಗೆ ಎಣ್ಣೆ ಹಚ್ಚಲು ಕುಳಿತೆ. ಎಡ ಹಿಮ್ಮಡಿ ಕೆಂಪಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟೆ. ಕೆಂಪು ಹೋಗಲಿಲ್ಲ. ಇದರ ಅರ್ಥ ನರ್ಸಿಗೆ ಯಾರೂ ಹೇಳಬೇಕಾಗಿಲ್ಲ. ಮಲಗಿ ಮಲಗಿ ಹುಣ್ಣಾಗುವುದು ಹೀಗೇ ಶುರುವಾಗುತ್ತದೆ.

ನನಗೆ ಸಿಟ್ಟು ಬಂತು. ಮುಚ್ಚಿಡಲಿಲ್ಲ.

“ಮಾಮಿ, (ತುಳುವಿನಲ್ಲಿ ಅತ್ತೆ ಎಂದರೆ ಮಾಮಿ) ನಿಮಗೆ ಏಳುವ ಮನಸ್ಸೇ ಇಲ್ವಾ? ನನ್ನ ಮೇಲೆ ಕೋಪವಾ?”

“ಕೋಪ ಎಂತಕ್ಕೆ?”

“ಮತ್ತೆ ಬೆಲ್ ಆದ ಕೂಡಲೇ ಹೋಗಿ ಮಲಗ್ತಿದ್ದದ್ದು ಎಂತಕ್ಕೆ? ಶಶಿ ಬಂದ ಮೇಲೆ ಒಂದು ಸಲವೂ ‘ನಾನು ನಡೀತೇನೆ’ ಅಂತ ಹೇಳ್ಲಿಲ್ಲ ನೀವು.”

ಅತ್ತೆ ಬಾಗಿಲಿನ ಕಡೆ ನೋಡಿದರು, ಯಾರಾದರೂ ಇದ್ದಾರಾ ಎಂದು. ಆಮೇಲೆ ನನ್ನ ಕಡೆ.

“ನಿನಗೆ ಓದು ಉಂಟು ಪ್ರಮೀಳಾ. ಊರಿನ ಬುದ್ಧಿ ಇಲ್ಲ ಮಾರಾಯ್ತಿ. ನಾನು ಮಲಗಿದ್ರೆ ನೀನು ಒಳ್ಳೆ ಸೊಸೆ. ನಾನು ನಡೆದ್ರೆ ನೀನು ರಾಕ್ಷಸಿ.”

“ಯಾರು ಹೇಳಿದ್ದು?”

“ಯಾರು ಹೇಳ್ಲಿಲ್ಲ ಕೇಳು. ಕಮಲ ಮದುವೆ ಹಾಲ್‌ನಲ್ಲಿ ಹೇಳಿದ್ದಾಳೆ, ‘ಸ್ಟ್ರೋಕ್ ಆದ ಅತ್ತೆಯ ಹತ್ತಿರ ತರಕಾರಿ ಮಾಡಿಸ್ತಾಳೆ, ನರ್ಸ್ ಅಂತೆ ನರ್ಸ್’ ಅಂತ. ಮೊದಲೇ ಒಂದು ಸಲ ಟೇಬಲ್ ಮೇಲೆ ಅಲಸಂಡೆ ನೋಡಿ ಹೋಗಿದ್ದಾಳೆ ಅವಳು. ಅದಕ್ಕೇ ಅಲ್ವಾ ನಾನು ಬಂದವರ ಎದುರು ಬಾಯಿಗೆ ಕೊಡುವುದೂ ಅವಳೇ ಅನ್ನುವುದು? ಶಶಿಗೂ ಯಾರೋ ಫೋನಿನಲ್ಲಿ ಹೇಳಿಯೇ ಅವಳು ಬಿಸಿ ಆಗಿ ಬಂದದ್ದು. ನನ್ನ ಸೊಸೆಯನ್ನು ಅವರು ಹಾಗೆ ಹೇಳುವುದು ನನಗೆ ಬೇಡ.”

ನಾನು ಏನೇನೋ ಅಂದುಕೊಂಡಿದ್ದೆ. ಸೇಬಿನ ಆಸೆ, ನಾಲ್ಕು ಜನ ಅಯ್ಯೋ ಎನ್ನುವ ಖುಷಿ, ಮಗಳ ಮುದ್ದು. ಇದು ತಲೆಗೆ ಬಂದಿರಲಿಲ್ಲ. ನನ್ನ ಒಳ್ಳೆಯ ಹೆಸರಿಗಾಗಿ ಅತ್ತೆ ತನ್ನ ಕಾಲನ್ನು ಕೊಡುತ್ತಿದ್ದರು.

ನಮ್ಮಲ್ಲಿ ಕಾಯಿಲೆಯವರ ಮಂಚ ಎಂದರೆ ಮನೆಯವರ ಮಾರ್ಕ್ಸ್ ಕಾರ್ಡ್. ನೋಡಲು ಬಂದವರೆಲ್ಲ ಪರೀಕ್ಷಕರು. ಮಲಗಿದವರು ಹೆಚ್ಚು ಅಲುಗಾಡದಿದ್ದರೆ ಮನೆಯವರಿಗೆ ಫಸ್ಟ್ ಕ್ಲಾಸ್. ಪಾಪ, ಎಷ್ಟು ಮನೆಗಳಲ್ಲಿ ಎಷ್ಟು ಜನ ಸೊಸೆಯನ್ನು, ಮಗನನ್ನು ಪಾಸು ಮಾಡಿಸಲು ಮಲಗಿಯೇ ಇದ್ದಾರೋ!

“ಮಾಮಿ,” ಎಂದೆ. “ನನ್ನ ಹೆಸರು ಹಾಳಾದ್ರೆ ನನಗೆ ನಡೀಲಿಕ್ಕೆ ತೊಂದ್ರೆ ಇಲ್ಲ. ನಿಮ್ಮ ಕಾಲು ಹಾಳಾದ್ರೆ ನಿಮಗೆ ಉಂಟು. ನಾನು ಮಾತು ಕೇಳಿ ಕೇಳಿಯೇ ಡಿಗ್ರಿ ಮಾಡಿದ್ದು. ಇನ್ನೂ ನಾಲ್ಕು ಮಾತಿಗೆ ಜಾಗ ಉಂಟು.”

ಅತ್ತೆ ಕಂಬಿಯನ್ನು ಬಲಗೈಯಿಂದ ಅಲ್ಲಾಡಿಸಿ ಕೇಳಿದರು.

“ಈ ದರಿದ್ರ ಮಂಚದಿಂದ ಕಾಲು ನೆಲಕ್ಕೆ ಸಿಗುವುದಿಲ್ಲ. ಇಳಿಯುವುದು ಹೇಗೆ?”

ನನಗೆ ಬೇಕಾದ ಒಪ್ಪಿಗೆ ಅಷ್ಟೇ. ಹರೀಶ ಡೈಪರ್ ಕಟ್ಟಿನೊಂದಿಗೆ ಒಳಗೆ ಬಂದ ಕೂಡಲೇ ಹೇಳಿದೆ, “ಹಳೆ ಮಂಚ ಒಳಗೆ ತನ್ನಿ.” ಅವರು ತಂಗಿಯ ಕಡೆ ತಿರುಗಿದರು. “ಶಶಿಗೆ ಬೇಜಾರಾಗ್ತದಲ್ಲಾ...” ಎಂದರು.

ಕೋಣೆಯಿಂದ ಅತ್ತೆಯ ಸ್ವರ. ಬಾವಿಯೊಳಗಿನದ್ದಲ್ಲ, ಅಸಲಿ ಸ್ವರ.

“ಹರೀಶಾ, ಬಾತ್‌ರೂಮಿಗೆ ಹೋಗ್ಬೇಕಾದ್ದು ಶಶಿಯಾ, ನಾನಾ?”

ಮದುವೆಯಾದ ಮೇಲೆ ಮೊದಲ ಸಲ ನಮ್ಮ ಫ್ಯಾನ್ ಒಂದೇ ಕಡೆ ನಿಂತಿತು. ಸಂಜೆಯೊಳಗೆ ಮರದ ಮಂಚ ಕೋಣೆಗೆ ಬಂತು.

ಶಶಿ ನನ್ನ ಹತ್ತಿರ ಮಾತು ಬಿಟ್ಟಳು. ಇರಲಿ ಎಂದೆ. ನಾನು ಡ್ಯೂಟಿಗೆ ಹೊರಡುವ ಮೊದಲು, ಬಂದ ಮೇಲೆ, ಅತ್ತೆಯನ್ನು ಅಂಚಿನಲ್ಲಿ ಕೂರಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಪಾದ ಊರಿ. ಮುಂದೆ ಬಾಗಿ. ಏಳಿ. ಮೊದಲ ಸಲ ಅರ್ಧ ಎದ್ದು ಕುಳಿತುಬಿಟ್ಟರು. “ಮಲಗಿ ಮಲಗಿ ಮೂಳೆಯೂ ಸೋಮಾರಿ ಆಗಿದೆ” ಎಂದರು. ಬೆವರು ಇಳಿಯಿತು, ನನ್ನನ್ನು ಬೈದರು, ಆಮೇಲೆ ನಿಂತರು. ಗೋಡೆಯವರೆಗೆ ಹೋಗುವುದು ಸುಲಭವಾಯಿತು. ಬಾತ್‌ರೂಮಿನ ಹೊಸ್ತಿಲು ಮಾತ್ರ ದಾಟಲು ಆಗುತ್ತಿರಲಿಲ್ಲ, ಎಡ ಪಾದ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ನಾನು ಹಿಡಿಯಬೇಕಿತ್ತು.

ಶಶಿ ಹೊರಡುವ ಹಿಂದಿನ ದಿನ ಮನೆಯಲ್ಲಿ ಊಟ. ಕೋಳಿಸಾರಿನ ಕೋರಿ ರೊಟ್ಟಿ. ಹತ್ತಿರದ ನೆಂಟರೆಲ್ಲ ಬರುವವರಿದ್ದರು. ಮರುದಿನವೇ ಹೋಂ ನರ್ಸ್ ಬರುವವರು. ಡೈಪರ್ ಕಟ್ಟು ಕಪಾಟಿನಲ್ಲಿ ತಯಾರಾಗಿ ಕುಳಿತಿತ್ತು.

ಬೆಳಿಗ್ಗೆ ಅತ್ತೆಯನ್ನು ಕೇಳಿದೆ. “ಇವತ್ತು ಎಲ್ಲಿ ಮಾಮಿ? ಕೋಣೆಯಲ್ಲಾ, ಚಾವಡಿಯಲ್ಲಾ?”

“ಚಾವಡಿಯಲ್ಲಿ. ಸೀರೆ ಉಡಿಸು.”

ನೆಂಟರು ಬಂದರು. ನೇರ ಕೋಣೆಗೆ ಹೋದರು, ಅಲ್ಲಿ ಯಾರೂ ಇಲ್ಲ. ವಾಪಸ್ ಬಂದರೆ ಚಾವಡಿಯ ಕೈ ಇರುವ ಕುರ್ಚಿಯಲ್ಲಿ ಅತ್ತೆ. ಎಲ್ಲಿ ನಿಲ್ಲುವುದು, ಎಂತ ಹೇಳುವುದು ಯಾರಿಗೂ ಗೊತ್ತಾಗಲಿಲ್ಲ. ಕುಳಿತವರ ಕಾಲ ಬದಿಯಲ್ಲಿ ನಿಂತು ನಿಟ್ಟುಸಿರು ಬಿಡುವ ಅಭ್ಯಾಸ ನಮ್ಮವರಿಗೆ ಇಲ್ಲವಲ್ಲ!

ಕಮಲಕ್ಕ ಸುಧಾರಿಸಿಕೊಂಡು ಮುಂದೆ ಬಂದರು. “ಅಯ್ಯೋ ಗಿರಿಜಕ್ಕ, ನಮ್ಮ ಎದುರು ಎಂತ ಮರ್ಯಾದೆ! ಮಲಗಿ, ಮಲಗಿ!”

“ಮಲಗಿ ಮಲಗಿ ಬೆನ್ನು ಚಪಾತಿ ಆಗಿದೆ ಕಮಲಾ. ನೀನು ಕೂತುಕೋ.”

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅತ್ತೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ಬಾತ್‌ರೂಮಿಗೆ ಹೋಗಬೇಕು.

ಅವರು ಕುರ್ಚಿಯ ಕೈ ಹಿಡಿದು ಏಳಲು ಬಾಗಿದ್ದೇ ತಡ, ಇಡೀ ಚಾವಡಿ ಎದ್ದು ನಿಂತಿತು. ಒಬ್ಬರು ರಟ್ಟೆ ಹಿಡಿಯಲು ಬಂದರು, ಇನ್ನೊಬ್ಬರು ಸೊಂಟ. ಶಶಿ ಅಡುಗೆಕೋಣೆಯಿಂದ ಓಡಿ ಬಂದಳು.

“ಯಾರೂ ಮುಟ್ಟಬೇಡಿ,” ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ವಾರ್ಡಿನ ಸ್ವರ.

“ಬಿದ್ರೆ ಎಂತ ಮಾಡ್ತೀರಿ ಅತ್ತಿಗೆ?” ಶಶಿಯ ಕಣ್ಣಲ್ಲಿ ನೀರು. ಅಷ್ಟು ದಿನದ ನಂತರ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು.

“ಹಿಡೀತೇನೆ ಶಶಿ. ಅದಕ್ಕೇ ಎಡಗಡೆ ನಿಂತದ್ದು. ಅದಕ್ಕೇ ಕಲಿತದ್ದು.”

ಅತ್ತೆ ಎದ್ದರು. ಬಲಗೈ ಗೋಡೆಗೆ. ನಾನು ಎಡಗಡೆ, ಅರ್ಧ ಹೆಜ್ಜೆ ಹಿಂದೆ, ಎರಡೂ ಕೈ ಖಾಲಿ. ಗೋಡೆ ಮುಗಿಯಿತು. ಹೊಸ್ತಿಲು ಬಂತು. ಎಡ ಪಾದ ಸಿಕ್ಕಿಹಾಕಿಕೊಂಡಿತು. ದೇಹ ಸ್ವಲ್ಪ ವಾಲಿತು. ಹಿಂದೆ ಯಾರೋ “ಅಯ್ಯೋ” ಎಂದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತೆ ತಿರುಗಿ ನೋಡದೆ ಹೇಳಿದರು, “ನಿಲ್ಲು.”

ನಿಂತೆ. ಹೇಳಿದೆನಲ್ಲ, ಎಲ್ಲಕ್ಕಿಂತ ಕಷ್ಟದ ಪಾಠ ಅದೇ.

ಅವರು ಬಾಗಿಲಿನ ಚೌಕಟ್ಟು ಹಿಡಿದರು. ಉಸಿರು ತೆಗೆದುಕೊಂಡರು. ಮೊಣಕಾಲನ್ನು ಮೇಲಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದರು. ಪಾದ ಹೊಸ್ತಿಲಿನ ಆಚೆ ಬಿತ್ತು. ಇನ್ನೊಂದು ಪಾದವೂ ಹೋಯಿತು. ಬಾಗಿಲು ಮುಚ್ಚಿತು. ಅವರೇ ಮುಚ್ಚಿದರು.

ನಾವೆಲ್ಲ ಹೊರಗೆ. ಯಾರಿಗೂ ಊಟದ ನೆನಪಿಲ್ಲ. ಒಳಗೆ ನೀರಿನ ಸದ್ದಾಯಿತು. ಮಗ್ಗು ಬಕೆಟ್ಟಿಗೆ ತಾಗಿದ ಸದ್ದಾಯಿತು. ಬಾಗಿಲು ತೆರೆಯಿತು. ಅತ್ತೆ ಎಲ್ಲರ ಮುಖ ಒಂದೊಂದಾಗಿ ನೋಡಿದರು.

“ಎಂತ, ಎಲ್ಲರೂ ಇಲ್ಲಿ ನಿಂತಿದ್ದೀರಿ? ಕ್ಯೂ ಉಂಟಾ?”

ಮೊದಲು ನಕ್ಕದ್ದು ಶಶಿ. ಆಮೇಲೆ ಅತ್ತದ್ದೂ ಅವಳೇ. “ಅಮ್ಮಾ, ವಿಡಿಯೋ ಕಾಲ್‌ನಲ್ಲಿ ನೀನು ಯಾವಾಗ ನೋಡಿದ್ರೂ ಮಲಗಿಯೇ ಇರ್ತಿದ್ದಿ. ನಿನಗೆ ಹೀಗೆ ಒಬ್ಬಳೇ ಹೋಗಿ ಬರ್ಲಿಕ್ಕೆ ಆಗ್ತದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಫೋನ್ ಹಿಡಿಯುವವ ಹರೀಶ. ಅವನಿಗೆ ಮಂಚದ ಹತ್ತಿರ ಮಾತ್ರ ಸಿಗ್ನಲ್ ಸಿಗುವುದು.”

ಮರುದಿನ ಬೆಳಿಗ್ಗೆ ಅಮ್ಮನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದದ್ದು ಶಶಿ. ಎಡಗಡೆ, ಅರ್ಧ ಹೆಜ್ಜೆ ಹಿಂದೆ. ಕೈ ಮಾತ್ರ ಖಾಲಿ ಇಡಲು ಅವಳಿಂದ ಆಗಲಿಲ್ಲ, ಗಾಳಿಯನ್ನೇ ಹಿಡಿದುಕೊಂಡು ನಡೆದಳು. ಹೋಂ ನರ್ಸ್ ಬಂದರು, ಒಳ್ಳೆಯ ಹೆಂಗಸು. ಸೂಟ್‌ಕೇಸ್ ಕಾರಿಗೆ ಹಾಕುವ ಮೊದಲು ಶಶಿ ಅವರಿಗೆ ಹೇಳಿದ್ದನ್ನು ಕಿಟಕಿಯಿಂದ ಕೇಳಿಸಿಕೊಂಡೆ: “ಅಮ್ಮ ಕೇಳಿದ್ರೆ ಮಾತ್ರ ಹಿಡೀರಿ. ಕೇಳದಿದ್ರೆ ಪಕ್ಕದಲ್ಲಿ ನಿಲ್ಲಿ.” ಕಬ್ಬಿಣದ ಮಂಚ ಅದು ನಿಜವಾಗಿ ಬೇಕಾಗಿರುವ ಇನ್ನೊಂದು ಮನೆಗೆ ಹೋಯಿತು.

ಹೌದು, ಅಂಥ ಮಂಚ ಬೇಕಾದವರೂ ಇದ್ದಾರೆ. ಎಲ್ಲ ಕಾಯಿಲೆಯವರನ್ನೂ ಎಬ್ಬಿಸಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಡಾಕ್ಟರು ಏಳಬಾರದು ಎಂದರೆ ಏಳಬಾರದು. ಆದರೆ ಪೂರ್ತಿ ಮಲಗಿದವರಲ್ಲಿಯೂ ಏನಾದರೊಂದು ಉಳಿದಿರುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬರು ಹಾಜಿಯವರಿದ್ದರು, ಬಟ್ಟೆ ಅಂಗಡಿಯವರು. ಸೊಂಟದ ಕೆಳಗೆ ಅಲುಗಾಟವಿಲ್ಲ. ಗಂಡುಮಕ್ಕಳು ಬಂಗಾರದಂಥವರು, ನಮಾಜಿನ ಹೊತ್ತಿಗೆ ಅಪ್ಪನ ಕೈ ಮುಖ ತಾವೇ ತೊಳೆಯುತ್ತಿದ್ದರು. ಆದರೂ ಅಪ್ಪನ ಮುಖ ಗಂಟು. ಒಂದು ದಿನ ನಾನು ನೀರಿನ ಪಾತ್ರೆಯನ್ನು ಅವರ ಕೈಗೆ ಸಿಗುವಲ್ಲಿ ಇಟ್ಟು ಹಿಂದೆ ಸರಿದೆ. ಅರ್ಧ ನೀರು ಹಾಸಿಗೆಗೆ ಬಿತ್ತು. ಬೆಡ್‌ಶೀಟ್ ಬದಲಾಯಿಸಿದೆ. ಮುಖದ ಗಂಟು ಬಿಚ್ಚಿತ್ತು. “ಈಗ ಸರಿ ಆಯ್ತು ಮೋಳೆ” ಎಂದರು. ಮಗಳೇ ಎಂದು ಅರ್ಥ. ಕೈಯೂ ಏಳದವರು ಇದ್ದರೆ? ಅಂಗಿ ನೀಲಿ ಬೇಕಾ ಬಿಳಿ ಬೇಕಾ ಎಂದು ಕೇಳಿ. ಹೇಳುವುದು ಉಳಿದಿರುತ್ತದೆ. ಅದನ್ನೂ ನಾವೇ ಹೇಳಿಬಿಟ್ಟರೆ ಅವರಿಗೆ ಉಳಿಯುವುದೇನು?

ಇದು ಸುಲಭವಾ? ಇಲ್ಲ. ಮಾಡಿಕೊಡುವುದು ಬೇಗ ಮುಗಿಯುತ್ತದೆ, ಮಾಡಲು ಬಿಡುವುದಕ್ಕೆ ಸಮಯ ಬೇಕು. ನೀರು ಚೆಲ್ಲುತ್ತದೆ, ಅನ್ನ ಮಡಿಲಿಗೆ ಬೀಳುತ್ತದೆ, ಹುಕ್ಕು ತಪ್ಪುತ್ತದೆ. ನೋಡಿದವರು ಮಾತಾಡುತ್ತಾರೆ. ನಾನಂತೂ ಮಾತಿಗೆ ರೆಡಿ.

ಮಾತು ಬಂದೇ ಬಂತು. ಮೊನ್ನೆ ಬಸ್‌ಸ್ಟಾಪ್‌ನಲ್ಲಿ ಕಮಲಕ್ಕ ಸಿಕ್ಕಿದರು. ನಮ್ಮ ಮನೆಯ ಊಟ ಅವರಿಗೆ ಹಿಡಿಸಿದೆ, ನನ್ನ ನರ್ಸಿಂಗ್ ಇನ್ನೂ ಹಿಡಿಸಿಲ್ಲ.

“ಎಂತದೇ ಹೇಳು ಪ್ರಮೀಳಾ, ಅಷ್ಟು ಜನರ ಎದುರು ಅತ್ತೆಯನ್ನು ಹಾಗೆ ಒಬ್ಬಳೇ ಬಿಟ್ಟದ್ದು ನನಗೆ ಸರಿ ಕಾಣ್ಲಿಲ್ಲ. ನಾಳೆ ನಿನಗೂ ವಯಸ್ಸಾಗ್ತದೆ. ನಿನ್ನ ಸೊಸೆ ನಿನಗೆ ಹೀಗೇ ಮಾಡಿದ್ರೆ?”

“ಹೀಗೇ ಮಾಡಲಿ ಕಮಲಕ್ಕ. ಮಲಗಿಸಿದ್ರೆ ಮಾತ್ರ ನೀವು ಬಂದು ಅವಳಿಗೆ ಬೈಯಿರಿ.”